ಕಾಡು ಹೊಕ್ಕ ಚಿತ್ರಕಾರರು

ಎಪ್ಪತ್ತು, ಎಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರ ಎದುರು ಮಕ್ಕಳ ‘ರಷ್ಯನ್ ಪುಸ್ತಕ’ಗಳ ಮಾತೆತ್ತಿದರೆ ಸಾಕು, ದನಿ ಮೆತ್ತಗಾಗುತ್ತದೆ. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ, ನವಕರ್ನಾಟಕದ ಮಳಿಗೆಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಪುಸ್ತಕಗಳವು. ಕರಡಿ, ನರಿ, ಮುಳ್ಳುಹಂದಿ, ಮೊಣಕಾಲುದ್ದ ಹಿಮ. ಪ್ರೀತಿ ಸಹಜವೇ. ಆದರೆ ಈ ಪ್ರೀತಿಯಿಂದಾಗಿಯೇ ಆ ಪುಸ್ತಕಗಳ ಬಗ್ಗೆ ನಮ್ಮಲ್ಲಿ ನೆನಪಿನ ಬರಹಗಳು ಬಂದಷ್ಟು ವಿಮರ್ಶೆ ಬರಲಿಲ್ಲ. ನಮಗೆ ಸಿಕ್ಕದ್ದು ಒಂದು ದೊಡ್ಡ ಪರಂಪರೆ ಸೋತು ಸಣ್ಣದಾದ ಮೇಲೆ ಉಳಿದ ಭಾಗ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಆ ಉಳಿದ ಭಾಗವೇ ಒಂದು ಲೆಕ್ಕದಲ್ಲಿ ಹೆಚ್ಚು ಗಟ್ಟಿ ಎಂಬುದು ನನ್ನ ವಾದ.

ಪರಂಪರೆ ಹುಟ್ಟಿದ್ದು ಮಾಸ್ಕೋದಲ್ಲಲ್ಲ, ಪೆತ್ರೋಗ್ರಾದಿನಲ್ಲಿ. ಕ್ರಾಂತಿಯಾಗಿ ಐದು ವರ್ಷಕ್ಕೆ, 1922ರಲ್ಲಿ, ಲೆವ್ ಕ್ಲ್ಯಾಚ್ಕೊ ಎಂಬ ಪತ್ರಕರ್ತ ‘ರಾದುಗ’ ಎಂಬ ಖಾಸಗಿ ಪ್ರಕಾಶನ ತೆರೆದ. (1982ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ನಮಗೆ ಪರಿಚಿತವಾದ ರಾದುಗ ಬೇರೆ. ಹೆಸರೊಂದೇ ಸಮಾನ.) ಹತ್ತು ಹನ್ನೆರಡು ಪುಟ, ತೆಳು ರಟ್ಟು, ಕಲ್ಲಚ್ಚಿನ ಬಣ್ಣ. ಕವಿಗಳಾದ ಚುಕೋವ್‌ಸ್ಕಿಯ ಪದ್ಯಕಥೆಗಳೂ ಮಾರ್ಷಾಕನ ಮೊದಲ ಪುಸ್ತಕಗಳೂ ಅಲ್ಲಿಂದಲೇ ಬಂದವು. ದಶಕದ ನಡುವೆ ಸರ್ಕಾರಿ ಪ್ರಕಾಶನದ ಮಕ್ಕಳ ವಿಭಾಗ ಬಲಗೊಂಡಿತು. ನೆವ್‌ಸ್ಕಿ ರಸ್ತೆಯ ‘ಪುಸ್ತಕ ಭವನ’ದ, ಅಂದರೆ ಹಿಂದೆ ಸಿಂಗರ್ ಹೊಲಿಗೆಯಂತ್ರ ಕಂಪನಿಯದಾಗಿದ್ದ ಕಟ್ಟಡದ, ಮೇಲಂತಸ್ತಿನಲ್ಲಿ ಪಠ್ಯಕ್ಕೆ ಸಮುಯಿಲ್ ಮಾರ್ಷಾಕ್, ಚಿತ್ರಕ್ಕೆ ವ್ಲಾದಿಮಿರ್ ಲೆಬೆದೆವ್ ಕೂತರು.

ಜೋಡಿ ವಿಚಿತ್ರವಾದದ್ದು. ಮಾರ್ಷಾಕ್ ಲಂಡನ್ನಿನಲ್ಲಿ ಓದಿ, ಇಂಗ್ಲಿಷ್ ಶಿಶುಗೀತೆಗಳ ಲಯ ಕಲಿತು ಬಂದವನು. ಲೆಬೆದೆವ್ ಕ್ರಾಂತಿಯ ನಂತರದ ವರ್ಷಗಳಲ್ಲಿ ಅಂಗಡಿ ಕಿಟಕಿಗಳಿಗೆ ರೋಸ್ತಾ ಸುದ್ದಿಸಂಸ್ಥೆಯ ಪೋಸ್ಟರ್ ಬರೆದವನು, ಬಾಕ್ಸಿಂಗ್ ಹುಚ್ಚಿನವನು. ಇಬ್ಬರಿಗೂ ಒಂದು ನಂಬಿಕೆ ಸಮಾನವಾಗಿತ್ತು: ಮಕ್ಕಳ ಪುಸ್ತಕದಲ್ಲಿ ಚಿತ್ರ ಪದ್ಯದ ಹಿಂದೆ ಕೈಕಟ್ಟಿ ನಿಲ್ಲಬೇಕಿಲ್ಲ. 1925ರ ‘ಸರ್ಕಸ್’ ಪುಸ್ತಕದಲ್ಲಿ ಚಿತ್ರಗಳೇ ಮೊದಲು ಸಿದ್ಧವಾದವು; ಮಾರ್ಷಾಕ್ ಅವುಗಳಿಗೆ ಪದ್ಯ ಕಟ್ಟಿದ. ಕಲಾವಿದ ಅಚ್ಚುಮನೆಗೆ ಹೋಗಿ ತನ್ನ ಕೈಯಿಂದಲೇ ಕಲ್ಲಿನ ಮೇಲೆ ಬರೆಯಬೇಕು, ಯಾವ ಬಣ್ಣ ಯಾವುದರ ಮೇಲೆ ಕೂರುತ್ತದೆ ಎಂದು ತಿಳಿದಿರಬೇಕು ಎಂದು ಲೆಬೆದೆವ್ ಹಟ ಹಿಡಿಯುತ್ತಿದ್ದ. ಹೀಗಾಗಿ ಕೊಂಡ ಮಗುವಿನ ಕೈ ಸೇರಿದ್ದು ಮೂಲಚಿತ್ರದ ನಕಲಲ್ಲ. ಅಚ್ಚಾದ ಹಾಳೆಯೇ ಮೂಲ.

ಅದೇ ವರ್ಷದ ‘ಐಸ್‌ಕ್ರೀಂ’ ನೋಡಿ. ದಢೂತಿ ಸಾಹುಕಾರನೊಬ್ಬ ಗಾಡಿಗಾಡಿ ಐಸ್‌ಕ್ರೀಂ ತಿಂದು ತಿಂದು ಕೊನೆಗೆ ತಾನೇ ಹಿಮದ ಗುಡ್ಡವಾಗಿಬಿಡುತ್ತಾನೆ. ಹಿನ್ನೆಲೆಯಿಲ್ಲ, ನೆರಳಿಲ್ಲ, ನೆಲದ ಗೆರೆಯೂ ಇಲ್ಲ. ಬಿಳಿ ಹಾಳೆಯ ಮೇಲೆ ಕತ್ತರಿಸಿ ಅಂಟಿಸಿದಂಥ ಬಣ್ಣದ ಆಕಾರಗಳು. ಕಥೆ ಮುಂದೆ ಹೋದಂತೆ ಹಾಳೆಯ ಬಿಳಿಯೇ ಹಿಮವಾಗುತ್ತದೆ. 1926ರ ‘ಸಾಮಾನು’ ಇನ್ನೂ ಜಾಣತನದ್ದು. ಹೆಂಗಸೊಬ್ಬಳು ಸೋಫಾ, ಸೂಟ್‌ಕೇಸು, ಚಿತ್ರಪಟ, ಜೊತೆಗೊಂದು ಪುಟ್ಟ ನಾಯಿಯನ್ನು ರೈಲಿಗೆ ಹಾಕುತ್ತಾಳೆ. ನಾಯಿ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ರೈಲ್ವೆಯವರು ಸಿಕ್ಕ ದೊಡ್ಡ ನಾಯಿಯೊಂದನ್ನು ಹಿಡಿದು ಲೆಕ್ಕ ಸರಿಮಾಡುತ್ತಾರೆ. ಸಾಮಾನಿನ ಅದೇ ಪಟ್ಟಿ ಮತ್ತೆ ಮತ್ತೆ ಬರುತ್ತದೆ, ಚಿತ್ರ ಪ್ರತಿಸಲ ಅದನ್ನು ಬೇರೆಯಾಗಿ ಜೋಡಿಸುತ್ತದೆ. ಓದು ಬಾರದ ಮಗುವೂ ಎರಡನೇ ಸಲಕ್ಕೆ ಪುಟ ತಿರುವುವ ಮೊದಲೇ ಪಟ್ಟಿ ಒಪ್ಪಿಸಿಬಿಡಬಲ್ಲದು.

ಇಂದು ವಸ್ತುಸಂಗ್ರಹಾಲಯಗಳು ಈ ಪುಸ್ತಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿವೆ, ವಿನ್ಯಾಸ ಕಲಿಯುವವರು ಕೈಮುಗಿಯುತ್ತಾರೆ. ಯುರೋಪಿನ ಮೇಲೆ ಇವುಗಳ ಪ್ರಭಾವವೂ ಸಣ್ಣದಲ್ಲ. 1931ರಲ್ಲಿ ಪಾಲ್ ಫೋಶೆ ಪ್ಯಾರಿಸ್‌ನಲ್ಲಿ ಆರಂಭಿಸಿದ ‘ಪೇರ್ ಕಾಸ್ತೋರ್’ ಮಾಲೆಗೆ ಚಿತ್ರ ಬರೆದವರಲ್ಲಿ ರಷ್ಯಾ ಬಿಟ್ಟು ಬಂದ ಕಲಾವಿದರಿದ್ದರು. 1940ರಲ್ಲಿ ಇಂಗ್ಲೆಂಡಿನ ಪಫಿನ್ ಚಿತ್ರಪುಸ್ತಕಗಳನ್ನು ಹೊರತಂದ ನೋಯಲ್ ಕ್ಯಾರಿಂಗ್ಟನ್‌ಗೆ ಸೋವಿಯತ್ ಕಲ್ಲಚ್ಚಿನ ಪುಸ್ತಕಗಳೇ ಮಾದರಿ. ಅಗ್ಗದ ಪುಸ್ತಕ ಕೆಟ್ಟದಾಗಿರಬೇಕಿಲ್ಲ ಎಂದು ಲೆನಿನ್‌ಗ್ರಾದ್ (ಪೆತ್ರೋಗ್ರಾದಿನ ಹೊಸ ಹೆಸರು) ತೋರಿಸಿಕೊಟ್ಟಿತ್ತು.

ಆದರೂ ಲೆಬೆದೆವ್‌ನ ಪುಸ್ತಕಗಳಲ್ಲಿ ನನಗೊಂದು ಕೊರತೆ ಕಾಣುತ್ತದೆ. ಅವನ ಮನುಷ್ಯರೆಲ್ಲ ಪೋಸ್ಟರಿನಿಂದ ಇಳಿದು ಬಂದವರು. ಸಾಹುಕಾರ ಎಂದರೆ ಹೊಟ್ಟೆ, ಕಾರ್ಮಿಕ ಎಂದರೆ ಭುಜ; ಮುಖಕ್ಕೆ ಕೆಲಸವೇ ಇಲ್ಲ. ‘ನಿನ್ನೆ ಮತ್ತು ಇಂದು’ ಪುಸ್ತಕದಲ್ಲಿ ಸೀಮೆಎಣ್ಣೆ ದೀಪವನ್ನು ವಿದ್ಯುತ್ ಬಲ್ಬೂ ಲೇಖನಿಯನ್ನು ಟೈಪ್‌ರೈಟರೂ ಸೋಲಿಸುತ್ತವೆ. ಹಳೆಯ ದೀಪದ ಮೇಲೆ ಮಗುವಿಗೆ ಇರಬಹುದಾದ ಮಮತೆಗೆ ಆ ಪುಟಗಳಲ್ಲಿ ಜಾಗ ಕಿರಿದು. ಕಣ್ಣಿಗೆ ಹಬ್ಬ, ಮುದ್ದಿಸಲು ಏನೂ ಸಿಗದು.

ಮುದ್ದಿಸುವಂಥದ್ದನ್ನು ಕೊಟ್ಟವನು ಯೆವ್ಗೆನಿ ಚಾರುಷಿನ್. 1901ರಲ್ಲಿ ವ್ಯಾತ್ಕದಲ್ಲಿ ಹುಟ್ಟಿದ. ತಂದೆ ಊರಿನ ಹೆಸರಾಂತ ವಾಸ್ತುಶಿಲ್ಪಿ. ಮನೆಯ ಸುತ್ತ ತೋಟ, ಆಚೆಗೆ ಕಾಡು, ಹಟ್ಟಿ ತುಂಬ ಪ್ರಾಣಿ, ಜೊತೆಗೆ ಬೋಬ್ಕಾ ಎಂಬ ಮೂರು ಕಾಲಿನ ನಾಯಿ. ಪೆತ್ರೋಗ್ರಾದಿಗೆ ಬಂದು ಕಲಾಶಾಲೆ ಮುಗಿಸಿದ ಹುಡುಗನಿಗೆ ಲೆಬೆದೆವ್ ಕೆಲಸ ಕೊಟ್ಟ. ಕಾಡುಪ್ರಾಣಿಗಳ ಕಥೆಗಾರ ಬಿಯಾಂಕಿಯ ‘ಮುರ್ಜುಕ್’ ಕಥೆಗೆ ಚಿತ್ರ ಬರೆಯುವುದರಿಂದ ಆರಂಭ. ಆಮೇಲೆ ಮಾರ್ಷಾಕ್ ಬೆನ್ನು ತಟ್ಟಿ ಬರೆಯಿಸಿದ್ದರಿಂದ 1930ರ ಹೊತ್ತಿಗೆ ಅವನು ತನ್ನ ಕಥೆ ತಾನೇ ಬರೆದು ತಾನೇ ಚಿತ್ರಿಸುವ ಲೇಖಕನಾದ.

ಚಾರುಷಿನ್ ಗೆರೆಯಿಂದ ಶುರುಮಾಡುವುದಿಲ್ಲ. ಒಣಗಿದ ಕುಂಚದ ತುದಿಯಿಂದ, ಚುಕ್ಕೆ ಉಜ್ಜಿನಿಂದ ರೋಮ ಎಬ್ಬಿಸುತ್ತಾನೆ. ಅಂಚು ಹಾಳೆಯಲ್ಲಿ ಕರಗುತ್ತದೆ. ತೋಳದ ಮರಿ ಮುಟ್ಟಿದರೆ ಬೆಚ್ಚಗಿರುತ್ತದೆ ಅನ್ನಿಸುತ್ತದೆ, ಆದರೆ ಅದರ ಕಣ್ಣು ಕಾಡಿನದೇ. ಮರಿಗೆ ಅಂಗಿ ತೊಡಿಸುವುದಿಲ್ಲ, ನೀತಿ ಹೇಳಿಸುವುದಿಲ್ಲ, ನಗಿಸುವುದಂತೂ ಇಲ್ಲವೇ ಇಲ್ಲ. ಕೂತ ರೀತಿ, ಕಿವಿ ತಿರುಗಿಸಿದ ರೀತಿ ಸಾಕು. ಗದ್ಯವೂ ಹಾಗೆಯೇ. ಬೇಟೆಗಾರ ತಂದ ಮರಿ, ಗೂಡಿನಿಂದ ಬಿದ್ದ ಹಕ್ಕಿ, ಬೆಕ್ಕಿನ ಮರಿ ತ್ಯೂಪಾ. ನಡೆದಷ್ಟೇ ಹೇಳಿ ನಿಲ್ಲಿಸಿಬಿಡುತ್ತಾನೆ. ಪಂಚತಂತ್ರದ ನರಿಯನ್ನು ಕೇಳಿ ಬೆಳೆದ ನಮಗೆ ಇದು ಮೊದಲು ಸಪ್ಪೆ ಅನ್ನಿಸಬಹುದು. ಪಂಚತಂತ್ರದ ನರಿ ಮನುಷ್ಯನ ರಾಜಕೀಯ ಹೇಳಲು ಬಂದದ್ದು. ಚಾರುಷಿನನ ನರಿ ಬರಿಯ ನರಿಯಾಗಿದ್ದೇ ಮಗುವಿನ ಗಮನ ಗೆಲ್ಲಬೇಕು, ಗೆಲ್ಲುತ್ತದೆ.

ಇಷ್ಟು ಹೊತ್ತಿಗೆ ಹೊರಗೆ ಗಾಳಿ ಬದಲಾಗಿತ್ತು. 1928ರ ಫೆಬ್ರುವರಿಯಲ್ಲಿ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಲೆನಿನ್ನನ ಪತ್ನಿ ಕ್ರುಪ್‌ಸ್ಕಾಯಾ ಚುಕೋವ್‌ಸ್ಕಿಯ ‘ಮೊಸಳೆ’ ಪದ್ಯಕಥೆಯನ್ನು ಖಂಡಿಸಿದಳು, ಗಾರ್ಕಿ ಅವನ ಪರ ನಿಂತ. 1930ರಲ್ಲಿ ಕ್ಲ್ಯಾಚ್ಕೊನ ರಾದುಗ ಮುಚ್ಚಿತು. 1936ರ ಮಾರ್ಚ್ 1ರಂದು ‘ಪ್ರಾವ್ದಾ’ ಲೆಬೆದೆವ್‌ನನ್ನು ಹಾಳೆ ಕೊಳಕು ಮಾಡುವ ಚಿತ್ರಕಾರ ಎಂಬಂತೆ ಜರೆಯಿತು. ಅಲ್ಲಿಂದ ಅವನ ಕೈ ಸಾಧುವಾಯಿತು. 1967ರವರೆಗೆ ಬದುಕಿದ್ದವನು ಆ ಹಳೆಯ ಬಿಳಿಗೆ ಮರಳಲಿಲ್ಲ. 1937ರಲ್ಲಿ ಲೆನಿನ್‌ಗ್ರಾದಿನ ಸಂಪಾದಕ ಮಂಡಳಿಯೇ ಚೂರಾಯಿತು. ಮಕ್ಕಳ ಪತ್ರಿಕೆ ನಡೆಸುತ್ತಿದ್ದ ಕವಿ ಒಲೆಯ್ನಿಕೊವ್‌ಗೆ ಗುಂಡು, ಸೆರೆ ಶಿಬಿರದಲ್ಲಿದ್ದ ಚಿತ್ರಕಾರ್ತಿ ವೇರಾ ಯೆರ್ಮೊಲಾಯೆವಾಗೂ ಗುಂಡು. ಮಕ್ಕಳನ್ನು ನಗಿಸುತ್ತಿದ್ದ ದನಿಯಿಲ್ ಖಾರ್ಮ್ಸ್ 1942ರಲ್ಲಿ, ಮುತ್ತಿಗೆಯಲ್ಲಿ ಸಿಕ್ಕ ನಗರದ ಸೆರೆಮನೆ ಆಸ್ಪತ್ರೆಯಲ್ಲಿ ಸತ್ತ.

ಉಳಿದ ಜಾಗ ಕಾಡು. ನರಿಯ ಬಾಲದಲ್ಲಿ ಸಿದ್ಧಾಂತದ ತಪ್ಪು ಹುಡುಕುವುದು ಕಷ್ಟ. ಕಾಡೂ ಪೂರ್ತಿ ಸುರಕ್ಷಿತವಾಗಿರಲಿಲ್ಲ. ‘ಕಾಡಿನ ಪತ್ರಿಕೆ’ ಬರೆದ ಬಿಯಾಂಕಿ ಗಡಿಪಾರಾಗಿದ್ದ. ಆದರೂ ಅಲ್ಲಿ ಉಸಿರಾಡಬಹುದಿತ್ತು. ಯುದ್ಧಾನಂತರ ಬಂದ ಅನುಕರಣೆಗಳಲ್ಲಿ ಈ ಕಾಡು ಸಿಹಿಯಾಗುತ್ತ ಹೋಯಿತು, ಕರಡಿಗಳು ದುಂಡಗಾದವು. ಅನುವಾದವಾಗಿ ನಮ್ಮವರೆಗೆ ಬಂದ ಎಷ್ಟೋ ಪುಸ್ತಕಗಳು ಈ ದುಂಡು ಕರಡಿಗಳವೇ. ‘ಐಸ್‌ಕ್ರೀಂ’ನ ಧೈರ್ಯ ಅವುಗಳಲ್ಲಿಲ್ಲ, ಚಾರುಷಿನನ ಸಂಯಮವೂ ಇಲ್ಲ.

ಕನ್ನಡದ ಮಕ್ಕಳ ಸಾಹಿತ್ಯ ಈ ಪುಸ್ತಕಗಳಿಂದ ಮುಖ್ಯವಾದುದನ್ನು ಕಲಿಯಲಿಲ್ಲ ಎಂಬುದು ನನ್ನ ತಕರಾರು. ಪಂಜೆ, ರಾಜರತ್ನಂ, ಕುವೆಂಪು ಕಟ್ಟಿಕೊಟ್ಟ ಲಯ ಮಾರ್ಷಾಕ್‌ನ ಲಯಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಆದರೆ ನಮ್ಮಲ್ಲಿ ಪದ್ಯ ಕಿವಿಗೆ ಬಂತು, ಚಿತ್ರ ಪುಟದಲ್ಲಿ ಖಾಲಿ ಉಳಿದ ಜಾಗಕ್ಕೆ ಬಂತು. ಎಷ್ಟೋ ಪುಸ್ತಕಗಳಲ್ಲಿ ಚಿತ್ರ ಬರೆದವರ ಹೆಸರು ಒಳಪುಟದ ಸಣ್ಣಕ್ಷರದಲ್ಲಿ, ಕೆಲವುದರಲ್ಲಿ ಅದೂ ಇಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಲೇಖಕ, ಚಿತ್ರಕಾರ ಇಬ್ಬರನ್ನೂ ಮುಖಪುಟಕ್ಕೆ ತಂದಿತು. ಬೆಲೆಯೂ ಕೈಗೆಟುಕುವಂಥದ್ದು. ಆದರೆ ಅನೇಕ ಭಾಷೆಗಳಿಗೆ ಒಂದೇ ಚಿತ್ರ ಹೊಂದಬೇಕಾದ ಕಡೆ ಕನ್ನಡದ ಪದ್ಯಕ್ಕೇ ಕೂಡಿ ಹುಟ್ಟಿದ ಚಿತ್ರ ಅಪರೂಪವಾಗುತ್ತದೆ.

ಹಳೆಯ ರಷ್ಯನ್ ಪುಸ್ತಕ ಮನೆಯಲ್ಲಿದ್ದರೆ ಒಮ್ಮೆ ತೆಗೆದು, ಅನುವಾದಕರ ಹೆಸರಿನ ಜೊತೆ ಚಿತ್ರಕಾರರ ಹೆಸರನ್ನೂ ಓದಿ. ಚಾರುಷಿನ್ ಎಂದಿದ್ದರೆ ಜೋಪಾನ ಮಾಡಿ. ನಮ್ಮ ಪ್ರಕಾಶಕರಲ್ಲಿ ಒಂದು ಕೇಳಿಕೆ: ಮುಂದಿನ ಮಕ್ಕಳ ಪುಸ್ತಕಕ್ಕೆ ಕವಿ, ಚಿತ್ರಕಾರ ಇಬ್ಬರನ್ನೂ ಮೊದಲ ದಿನವೇ ಒಂದೇ ಮೇಜಿಗೆ ಕರೆಯಿರಿ, ಇಬ್ಬರಿಗೂ ಸಮನಾದ ಸಂಭಾವನೆ ಕೊಡಿ.