ಮಾನಿಟರ್ ಕೇಬಲ್ ಯಾವ ಪೋರ್ಟಿಗೆ?

ಆಟಗಳಿಗೆಂದು ಜೋಡಿಸಿದ ಡೆಸ್ಕ್‌ಟಾಪ್ ಗಣಕದ ಹಿಂಬದಿಯನ್ನು ನೋಡಿ. ಒಂದೇ ಆಕಾರದ ಎಚ್‌ಡಿಎಂಐ ಪೋರ್ಟ್‌ಗಳು ಎರಡು ಕಡೆ ಇರುತ್ತವೆ. ಯುಎಸ್‌ಬಿ ಪೋರ್ಟ್‌ಗಳ ಬಳಿ ಇರುವುದು ಮದರ್‌ಬೋರ್ಡಿನದು. ಅದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಘಟಕಕ್ಕೆ ಸೇರಿದ್ದು. ಸಾಮಾನ್ಯವಾಗಿ ಅದರ ಕೆಳಗೆ ಇರುವುದು ಗ್ರಾಫಿಕ್ಸ್ ಕಾರ್ಡಿನದು.

ಇವುಗಳ ನಡುವಿನ ಅಂತರ ಸಣ್ಣದಲ್ಲ. ಒಳಗಿನ ಘಟಕಕ್ಕೆ ಸ್ವಂತ ಮೆಮೊರಿ ಇಲ್ಲ. ಪ್ರೊಸೆಸರ್ ಬಳಸುವ ಮೆಮೊರಿಯನ್ನೇ ಅದು ಹಂಚಿಕೊಳ್ಳಬೇಕು. ಎರಡು ಚಾನೆಲ್‌ಗಳ ಡಿಡಿಆರ್5-5600 ಮೆಮೊರಿ ಸೆಕೆಂಡಿಗೆ ಗರಿಷ್ಠ 89.6 ಗಿಗಾಬೈಟ್ ದತ್ತಾಂಶ ಸಾಗಿಸಬಲ್ಲದು. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿನ ಸ್ವಂತ ಮೆಮೊರಿ ಸಾಗಿಸುವುದು 272 ಗಿಗಾಬೈಟ್. ಆದ್ದರಿಂದ ಆಟಕ್ಕೆ ಕಾರ್ಡಿನ ಪೋರ್ಟೇ ಸರಿ.

ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಕಾರ್ಡ್ ಕೆಲಸವನ್ನೇ ಮಾಡದು ಎಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಯಾವ ಆಟವನ್ನು ಯಾವ ಘಟಕ ಚಿತ್ರಿಸಬೇಕೆಂದು ಆರಿಸುವ ಸೌಲಭ್ಯ 2018ರಿಂದ ವಿಂಡೋಸ್ 10ರಲ್ಲಿ ಬಂತು. ಆದರೆ ಕಾರ್ಡ್ ಚಿತ್ರಿಸಿದ್ದನ್ನೆಲ್ಲ ಮುಖ್ಯ ಮೆಮೊರಿಗೆ ನಕಲಿಸಬೇಕು. ಅದರಿಂದ ವೇಗ ತಗ್ಗುತ್ತದೆ.

ನಮ್ಮ ಆಕ್ಷೇಪ ತಯಾರಕರ ಬಗ್ಗೆ. ಇಂಟೆಲ್‌ನ ಐ5-13400ಎಫ್ ಥರದ ‘ಎಫ್’ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಸೌಲಭ್ಯವಿಲ್ಲ. ಅಂಥ ಗಣಕದಲ್ಲೂ ಮದರ್‌ಬೋರ್ಡಿನ ಪೋರ್ಟ್ ಇರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಈ ಷರತ್ತು ಸೂಚನಾ ಪುಸ್ತಿಕೆಯಲ್ಲಿದ್ದರೆ ಸಾಲದು, ಪೋರ್ಟಿನ ಪಕ್ಕದಲ್ಲೇ ಇರಬೇಕು. ಹಣ ಕೂಡಿಟ್ಟು ಕಾರ್ಡ್ ಕೊಂಡ ವಿದ್ಯಾರ್ಥಿ ಅದು ಕೆಟ್ಟಿದೆಯೆಂದು ಅಂಗಡಿಗೆ ಅಲೆಯುವುದು ಆಗ ತಪ್ಪೀತು.

ಕೊಳ್ಳುವಾಗ ನೀವೂ ಯೋಚಿಸಿ. ‘ಎಫ್’ ಇಲ್ಲದ ಪ್ರೊಸೆಸರಿಗೆ ತುಸು ಹೆಚ್ಚು ಬೆಲೆಯಾದರೂ, ಕಾರ್ಡ್ ಕೈಕೊಟ್ಟ ದಿನ ಪರದೆ ಕತ್ತಲಾಗದು. ದೋಷ ಎಲ್ಲಿದೆಯೆಂದು ಹುಡುಕುವುದೂ ಸುಲಭ. ಆಟ ನಿಧಾನವಾದರೆ ಮೊದಲು ಕೇಬಲ್ ಎಲ್ಲಿದೆ ನೋಡಿ.