ಹೆಬ್ಬೆರಳೂ ಹತ್ತು ಬೆರಳೂ

ಮುಂಬ್ರಾದಿಂದ ಬೆಳಗಿನ ಲೋಕಲ್ ಹತ್ತುವ ಕನ್ನಡಿಗನು ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಊರಿಗೆ ನಾಲ್ಕು ಸಾಲು ಬರೆಯುತ್ತಾನೆ. ಕಚೇರಿಯಲ್ಲಿ ಅವನೇ ಮೇಜಿನ ಗಣಕದ ಮುಂದೆ ಕುಳಿತು ಹತ್ತೂ ಬೆರಳುಗಳನ್ನು ಆಡಿಸುತ್ತಾನೆ. ಈ ಎರಡಕ್ಕೂ ಒಂದೇ ಲೇಖನಸಾಧನ ಸಾಕೆ ಎಂಬುದು ಕೇವಲ ತಂತ್ರಜ್ಞರ ವೆಚ್ಚದ ಲೆಕ್ಕವಲ್ಲ. ಲಿಪಿಯ ಪ್ರಶ್ನೆಯೂ ಹೌದು.

ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಮೇಜಿನ ಯಂತ್ರಕ್ಕೆಂದೇ ಹುಟ್ಟಿದುದು. ಕರ್ನಾಟಕ ಸರ್ಕಾರವೂ ಅದನ್ನು ಅಂಗೀಕರಿಸಿತು. ಅಲ್ಲಿ ವ್ಯಂಜನದೊಡನೆ ಅಕಾರವು ತಾನಾಗಿ ಬರುವುದರಿಂದ ‘ಕನ್ನಡ’ ಎಂಬ ಪದಕ್ಕೆ, ಒತ್ತಕ್ಷರದ ಎಫ್ ಕೀಲಿಯೂ ಸೇರಿ, ಐದು ಕೀಲಿಗಳೇ ಸಾಕು. ‘ಭಾರತ’ಕ್ಕೆ ನಾಲ್ಕು, ಅವುಗಳಲ್ಲಿ ಎರಡಕ್ಕೆ ಶಿಫ್ಟ್ ಬೇಕು. ಮೇಜಿನ ಮೇಲೆ ಆ ಕೆಲಸವನ್ನು ಕಿರುಬೆರಳು ಸದ್ದಿಲ್ಲದೆ ಮಾಡಿಬಿಡುತ್ತದೆ. ಇದೇ ವಿನ್ಯಾಸವನ್ನು ಕೈಫೋನಿಗೆ ಇದ್ದಂತೆಯೇ ಇಳಿಸಿದರೆ ಶಿಫ್ಟ್ ಒತ್ತುವುದೂ ಹೆಬ್ಬೆರಳಿನ ಪಾಲಿಗೇ ಬಂದು ನಾಲ್ಕು ಆರಾಗುತ್ತದೆ. ಮಹಾಪ್ರಾಣ, ದೀರ್ಘಗಳೆಲ್ಲಕ್ಕೂ ಇದೇ ದಂಡ.

ಪೊವಾಯಿಯ ಐಐಟಿಯ ವಿನ್ಯಾಸಕೇಂದ್ರದಿಂದ 2013ರಲ್ಲಿ ಹೊರಬಂದ ‘ಸ್ವರಚಕ್ರ’ದ ಮಾರ್ಗವೇ ಬೇರೆ. ವ್ಯಂಜನವನ್ನು ಮುಟ್ಟಿದೊಡನೆ ಅದರ ಸುತ್ತ ಗುಣಿತವು ಚಕ್ರವಾಗಿ ಅರಳುತ್ತದೆ. ಬೆರಳನ್ನು ಎತ್ತದೆ ಸರಿಸಿದರೆ ಅಕ್ಷರ ಸಿದ್ಧ. ಬೆರಳಿನ ಚಲನೆಯನ್ನೂ ಕಾಗುಣಿತದ ಸ್ವಭಾವವನ್ನೂ ಒಟ್ಟಿಗೆ ಅರಿತವರ ಕೆಲಸವಿದು. ಆದರೆ ಇಲ್ಲಿ ಕಲಿತ ಕೈ ಮೇಜಿನ ಮುಂದೆ ನಿರುಪಯೋಗಿ; ಅಭ್ಯಾಸ ಎರಡು ಬಾರಿ ಆಗಬೇಕು. ಈ ದೋಷ ಅಲ್ಪವೇನಲ್ಲ.

2015ರಲ್ಲಿ ರಿಯಾಕ್ಟ್ ನೇಟಿವ್, 2018ರಲ್ಲಿ ಫ್ಲಟರಿನ ಮೊದಲ ಸ್ಥಿರ ಆವೃತ್ತಿ ಬಂದ ಬಳಿಕ, ಒಮ್ಮೆ ಬರೆದ ತಂತ್ರಾಂಶವನ್ನು ಹಲವು ಯಂತ್ರಗಳಲ್ಲಿ ನಡೆಸುವುದು ಸುಲಭವಾಯಿತು. ಹಣವೂ ಕೆಲಸಗಾರರೂ ಕಡಮೆಯಿರುವ ಭಾಷೆಗೆ ಇದು ದೊಡ್ಡ ಆಸರೆ. ನಿಘಂಟಿಗೆ, ಪತ್ರಿಕೆಯ ಓದಿಗೆ ಇದು ಧಾರಾಳವಾಗಿ ಸಾಕು. (ಸಾರಿಗೂ ಪಾಯಸಕ್ಕೂ ಒಂದೇ ಪಾತ್ರೆಯಿಟ್ಟು ಸಂಸಾರ ನಡೆಸಿದವರು ಇಲ್ಲವೆ?) ಆದರೆ ಬರವಣಿಗೆಯಲ್ಲಿ ಐಕ್ಯವಿರಬೇಕಾದುದು ಯಂತ್ರದ ಒಳಗೆ. ಅದನ್ನು 1991ರ ಯೂನಿಕೋಡ್ ಆಗಲೇ ಒದಗಿಸಿದೆ: ಗಾಡಿಯಲ್ಲಿ ಬರೆದ ‘ಭಾರತ’ಕ್ಕೂ ಮೇಜಿನ ಮೇಲೆ ಬರೆದುದಕ್ಕೂ ಅವೇ ನಾಲ್ಕು ಸಂಕೇತಗಳು. ಕೈಗೆ ತಾಗುವ ಭಾಗವಾದರೋ ಆಯಾ ಯಂತ್ರದ್ದಾಗಿಯೇ ಇರಬೇಕು.

ಹೊರನಾಡಿನಲ್ಲಿ ಈ ಭೇದಕ್ಕೆ ಇನ್ನೊಂದು ಮುಖವುಂಟು. ಇಂಗ್ಲಿಷ್ ಶಾಲೆಯ ಮಗುವಿಗೆ ರೋಮನ್ ಕೀಲಿ ಸುಲಭ. ಸ್ವರಚಕ್ರದಲ್ಲಿ ಬರೆಯಬೇಕಾದರೆ ಅದು ಮೊದಲು ‘ಭ’ವನ್ನು ಕಣ್ಣಿನಿಂದ ಗುರುತಿಸಬೇಕು. ತಂತ್ರಜ್ಞನು ಇದನ್ನು ಅಡಚಣೆಯೆಂದು ಎಣಿಸಬಹುದು. ಮುಂಬ್ರಾದ ತಾಯಿಯೊಬ್ಬಳು ಹಾಗೆ ಎಣಿಸಲಾರಳು.