‘ಎಷ್ಟು ಕೊಡುತ್ತೆ?’

ಹೊಸದಾಗಿ ಕಾರು ಕೊಂಡವನನ್ನು ನಮ್ಮ ಕೆಂಗೇರಿ ಉಪನಗರದ ನೆರೆಹೊರೆಯವರು ಮೊತ್ತಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬುದು. ಹಸುವಿನ ಹಾಲನ್ನು ಲಕ್ಷಿಸಿ ಹಿರಿಯರು ಆಡುತ್ತಿದ್ದ ಮಾತೇ ಇಂದು ಪೆಟ್ರೋಲಿನ ಲೆಕ್ಕಕ್ಕೆ ಸಂಕ್ರಮಿಸಿದಂತಿದೆ. ಆದರೆ ಹಾಲಿನೊಡನೆ ಹಿಂಡಿಯ ಲೆಕ್ಕವನ್ನೂ ಇಡುತ್ತಿದ್ದ ಅವರ ವಿವೇಕವು ಮಾತಿನೊಡನೆ ಬಂದಿತೇ ಎಂಬುದು ವಿಚಾರಾರ್ಹವಾದ ವಿಷಯ.

ಮೈಲೇಜಿನ ಈ ಉಪಾಸನೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಮೈಸೂರು ರಸ್ತೆಯ ಬಂಕಿನಲ್ಲಿ ಗಾಳಿ ತುಂಬುವ ಹುಡುಗನು ಮೊನ್ನೆ ನನ್ನ ಟೈರಿಗೆ ಪೈಪು ಚುಚ್ಚಿ, ‘27 ಇದೆ ಸಾರ್, 33 ಇರ್ಬೇಕು’ ಎಂದಾಗ, ರಸ್ತೆಗೆ ಒರಗಿಕೊಂಡು ಉರುಳುವ ಆ ಸೊರಗಿದ ರಬ್ಬರನ್ನು ತಳ್ಳುವುದಕ್ಕೆಂದೇ ಎಷ್ಟು ಇಂಧನವನ್ನು ವ್ಯಯಿಸಿದೆನೋ ಎಂದು ನಾಚಿದೆನು. ವೇಗದ ಮಾತೂ ಅಂತೆಯೇ. 2023ರ ಮಾರ್ಚಿನಲ್ಲಿ ಉದ್ಘಾಟಿತವಾದ ಮೈಸೂರಿನ ಹೆದ್ದಾರಿಯಲ್ಲಿ 80ರಿಂದ 100ಕ್ಕೇರಿದವನಿಗೆ ಗಾಳಿಯ ಪ್ರತಿರೋಧವು, ವೇಗದ ವರ್ಗದಂತೆ ಬೆಳೆಯತಕ್ಕದ್ದಾದುದರಿಂದ, ಒಂದೂವರೆ ಪಟ್ಟನ್ನೂ ಮೀರುತ್ತದೆ. ಉಳಿಸಿದ ನಿಮಿಷಗಳ ಬೆಲೆಯನ್ನು ಟ್ಯಾಂಕೇ ತೆರುತ್ತದೆ.

ಆದರೆ ಇದೇ ಸಂಪ್ರದಾಯದಲ್ಲಿ ಮೂಢಾಚಾರಗಳೂ ಸೇರಿಕೊಂಡಿವೆ. ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕುವುದು ಅವುಗಳಲ್ಲಿ ಅಗ್ರಗಣ್ಯವಾದುದು. ಕಾರ್ಬ್ಯುರೇಟರಿನ ಕಾಲದಲ್ಲಿ ಅದಕ್ಕೆ ಏನಾದರೂ ಅರ್ಥವಿದ್ದಿರಬಹುದು. ಇಂದಿನ ಎಂಜಿನ್ನಾದರೋ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಇಂಧನವನ್ನು ತಾನೇ ನಿಲ್ಲಿಸಿಕೊಳ್ಳುವುದರಿಂದ, ನ್ಯೂಟ್ರಲ್ಲಿನಲ್ಲಿ ಜೀವ ಹಿಡಿದಿರಲೆಂದು ಅದಕ್ಕೆ ಪೆಟ್ರೋಲುಣಿಸುವುದು ದುಂದೂ ಹೌದು, ಎಂಜಿನ್ನಿನ ತಡೆ ತಪ್ಪುವುದರಿಂದ ಅಪಾಯವೂ ಹೌದು.

ಇನ್ನು ಈ ಎಲ್ಲ ಜಾಣತನಗಳ ಒಟ್ಟು ಫಲವನ್ನು ತೂಗಿ ನೋಡೋಣ. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ಹೋಗಿಬರಲು 30 ಕಿ.ಮೀ. ಎಂದಿಟ್ಟುಕೊಂಡರೆ, ನಾಯಂಡಹಳ್ಳಿಯ ವಾಹನದಟ್ಟಣೆಯಲ್ಲಿ ಲೀಟರಿಗೆ 12ರಂತೆ ಎರಡೂವರೆ ಲೀಟರು ಬೇಕಾಗುತ್ತದೆ. ಲೀಟರೊಂದು ಉರಿದರೆ ಸುಮಾರು 2.3 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಏಳುವುದರಿಂದ, ಆರು ಕಿಲೋಗೆ ಸಮೀಪದ ಭಾರವನ್ನು ಒಬ್ಬನೇ ಗಾಳಿಗೆ ಸುರಿದಂತಾಯಿತು. ಸಕಲ ಎಚ್ಚರಗಳಿಂದ ಹತ್ತರಲ್ಲೊಂದು ಪಾಲು ಉಳಿಯಿತೆಂದರೂ ದಕ್ಕುವುದು ಕಾಲು ಲೀಟರು. ಅದೇ ದಾರಿಯ ಸಹೋದ್ಯೋಗಿಯೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ತಲೆಯೊಂದಕ್ಕೆ ಅರ್ಧಕ್ಕರ್ಧವೇ ಉಳಿಯುತ್ತದೆ.

ಒಂಟಿ ಪ್ರಯಾಣಿಕನಿಗಂತೂ 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಬಂದು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟವನ್ನು ಮುಟ್ಟಿದ ಮೆಟ್ರೋದ ನೇರಳೆ ಮಾರ್ಗಕ್ಕಿಂತ ಉತ್ತಮವಾದ ಮೈಲೇಜು ಮತ್ತೊಂದಿಲ್ಲ. ಆದರೂ ಅದನ್ನು ನಿರ್ದುಷ್ಟವೆಂದು ಹೊಗಳಲಾರೆನು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರವು 90 ರೂಪಾಯಿಗೆ ಏರಿದ ಮೇಲೆ, ಮೂವರ ಸಂಸಾರವೊಂದು ಊರೊಳಕ್ಕೆ ಹೋಗಿಬರುವ ಟಿಕೆಟ್ಟಿನ ಹಣವು ಕಾರಿನ ಪೆಟ್ರೋಲಿನ ಖರ್ಚನ್ನೂ ಮೀರಬಲ್ಲುದು; ಗೃಹಸ್ಥನು ಕೀಲಿಕೈಯನ್ನು ಎತ್ತಿಕೊಂಡರೆ ಅವನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಮನೆಯಿಂದ ನಿಲ್ದಾಣಕ್ಕಿರುವ ಒಂದೆರಡು ಕಿಲೋಮೀಟರಿಗೆ ಕಾರು ತೆಗೆಯುವವನನ್ನು ಮಾತ್ರ ಆಕ್ಷೇಪಿಸಬೇಕು. ತಣ್ಣಗಿನ ಎಂಜಿನ್ನು ಅತ್ಯಂತ ಹೊಟ್ಟೆಬಾಕವಾಗಿರುವುದು ಆ ಮೊದಲ ಕಿಲೋಮೀಟರುಗಳಲ್ಲಿಯೇ.

ಹೀಗೆ ನೋಡಿದರೆ ‘ಎಷ್ಟು ಕೊಡುತ್ತೆ?’ ಎಂಬುದು ತಪ್ಪು ಪ್ರಶ್ನೆಯಲ್ಲ, ಅರ್ಧ ಪ್ರಶ್ನೆ. ‘ಇಂದು ಇದನ್ನು ತೆಗೆಯಲೇಬೇಕೇ?’ ಎಂಬುದು ಅದರ ಉಳಿದರ್ಧ. ಕೊಟ್ಟಿಗೆಯಲ್ಲಿ ಕಟ್ಟಿದ ಹಸು, ಹಾಲು ಕೊಡದ ದಿನವೂ ಮೇವು ಬೇಡುತ್ತದೆ. ಮನೆಯ ಮುಂದೆ ನಿಂತ ಕಾರಾದರೋ, ನಿಂತಷ್ಟು ಹೊತ್ತೂ ಒಂದು ಹನಿಯನ್ನೂ ಕೇಳುವುದಿಲ್ಲ.